ಸಿಗರೇಟ್ ಪ್ಯಾಕಿನ ಒಂಬತ್ತು ಕಾರ್ಡುಗಳು

ಒದ್ದೆ ಟಿಶ್ಯೂ ತೆಗೆದುಕೊಂಡು ಒರೆಸಿದೆ. ಒರೆಸಬಾರದಿತ್ತು. ಕುಂಕುಮ ಹೋಗಲಿಲ್ಲ, ಕೆಳಗೆ ಇಳಿಯಿತು. ಅದರ ಜೊತೆ ಕಾರ್ಡಿನಲ್ಲಿದ್ದ ಮನುಷ್ಯನ ಮುಖವೂ ಇಳಿಯಿತು. ಇನ್ನೊಂದು ಸಲ ಒರೆಸಿದೆ. ಆಗ ತಳದಲ್ಲಿದ್ದ ಹೆಸರಿನ ಅಕ್ಷರಗಳು ಟಿಶ್ಯೂಗೆ ಅಂಟಿಕೊಂಡು ಬಂದವು.

"ಅಷ್ಟ್ ಒತ್ತಿ ತಿಕ್ಕಬ್ಯಾಡೋ, ಹರೀತೈತಿ," ಅಂದಳು ಅವ್ವ.

"ಇನ್ನೇನ್ ಉಳದೈತಿ ಹರಿಯಾಕ?"

ಇಂಗ್ಲಿಷರ ದೇಶದ ರೇನರ್ಸ್ ಲೇನ್‌ನಲ್ಲಿ ನಮ್ಮ ಫ್ಲ್ಯಾಟಿನ ಅಡುಗೆಮನೆ. ಬೆಳಗಿನ ಎಂಟು ಗಂಟೆ. ಅವತ್ತು ಖಂಡೇನವಮಿ. ಅವ್ವ ಐದಕ್ಕೇ ಎದ್ದು ಸ್ನಾನ ಮಾಡಿ, ಮಣೆಯ ಮೇಲೆ ಮನೆಯ ಹತ್ಯಾರ ಎಲ್ಲ ಜೋಡಿಸಿದ್ದಳು. ಚಾಕು, ಈಳಿಗೆ, ಕತ್ತರಿ, ಅಪ್ಪ ಹೋಟೆಲಿನಲ್ಲಿ ಬಳಸುವ ದೊಡ್ಡ ಸೌಟು, ನನ್ನ ಡ್ರಿಲ್, ನನ್ನ ಕೈಗವಸು, ವ್ಯಾನಿನ ಕೀಲಿ. ಎಲ್ಲದಕ್ಕೂ ವಿಭೂತಿ, ಅರಿಷಿಣ, ಕುಂಕುಮ, ಒಂದೊಂದು ಹೂವು. ಅವುಗಳ ಪಕ್ಕದಲ್ಲಿ ಒಂದು ಹಳೆಯ ತಗಡಿನ ಡಬ್ಬಿ. ಅದು ನಮ್ಮದಲ್ಲ. ಅದನ್ನು ಎಜ್‌ವೇರ್‌ನ ಒಬ್ಬ ಅಜ್ಜಿ ಹಿಂದಿನ ದಿನ ನನ್ನ ಕೈಗೆ ಕೊಟ್ಟಿದ್ದರು.

ತಪ್ಪು ಅವ್ವನದಲ್ಲ. ರಾತ್ರಿ ಊಟಕ್ಕೆ ಕೂತಾಗ ಅವಳು ಡಬ್ಬಿ ಏನು ಅಂತ ಕೇಳಿದ್ದಳು. "ಕೆಲಸದ್ದು, ಮುಟ್ಟಬ್ಯಾಡ," ಅಂದಿದ್ದೆ. ಖಂಡೇನವಮಿಯ ಹಿಂದಿನ ದಿನ ನಮ್ಮ ಮನೆಯಲ್ಲಿ ಯಾವುದೇ ಸಾಮಾನನ್ನು ಕೆಲಸದ್ದು ಅಂದರೆ ಅದು ಪೂಜೆಗೆ ಹೋಗುತ್ತದೆ. ಅದು ನನಗೆ ಹೊಳೆಯಬೇಕಿತ್ತು.

"ಮುಚ್ಚಳಕ್ಕ ಹಚ್ಚಿದ್ರ ಸಾಕಾಗ್ತಿರಲಿಲ್ಲೇನ?" ಅಂದೆ.

"ತಿಜೋರಿ ಪೂಜಾ ಬಾಗಲಾ ಮುಚ್ಚಿ ಮಾಡ್ತಾರೇನೋ? ತಗದ ಮಾಡ್ಬೇಕು. ತಗದ್ನಿ. ಮ್ಯಾಲೆ ಒಬ್ಬಾಂವ ಗದಾ ಹಿಡಕೊಂಡ ನಿಂತಿದ್ದ. ಯಾರೋ ದೊಡ್ಡಾಂವ ಅಂತ ಹಣಿಗೆ ಹಚ್ಚೀನಿ."

ಗದೆಯಲ್ಲ, ಬೇಸ್‌ಬಾಲ್ ಬ್ಯಾಟು. ಅಮೆರಿಕದವರ ಆಟ. ಹಣೆಗೆ ಮೂರು ಬೆರಳಿನ ವಿಭೂತಿ, ಅದರ ಮೇಲೆ ನೀರಲ್ಲಿ ಕಲಸಿದ ಅರಿಷಿಣ, ಮೇಲೆ ಕುಂಕುಮ. ಕಾರ್ಡು ಇರುವುದೇ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಹಣೆಗೆ ಹಚ್ಚಿದ್ದು ಎದೆವರೆಗೆ ಬಂದಿತ್ತು. ಉಳಿದದ್ದನ್ನು ನಾನು ಒರೆಸಿ ಕೆಡಿಸಿದೆ.

ನಾನು ಮನೆ ಖಾಲಿ ಮಾಡುವ ಕೆಲಸದವನು. ಯಾರಾದರೂ ತೀರಿಕೊಂಡರೆ, ಇಲ್ಲ ವಯಸ್ಸಾಗಿ ಮನೆ ಬಿಟ್ಟರೆ ನಾವು ಹೋಗುತ್ತೇವೆ. ಬೇಕಾದ್ದನ್ನು ಕಟ್ಟುತ್ತೇವೆ, ಬೇಡದ್ದನ್ನು ಪಾರ್ಕ್ ರಾಯಲ್‌ನ ನಮ್ಮ ಗೋದಾಮಿಗೆ ಒಯ್ಯುತ್ತೇವೆ. ಮಾಲಕರು ವಿಜಯಪುರದವರು. ಅವರದು ಒಂದೇ ಕಟ್ಟಳೆ: ಗಿರಾಕಿಯ ಮನೆಯ ಸೂಜಿ ಕೂಡ ನಮ್ಮ ಮನೆಯ ಹೊಸ್ತಿಲು ದಾಟಬಾರದು. ಆ ಕಟ್ಟಳೆ ನಾನು ಮುರಿದಿದ್ದೆ.

ಮುರಿದದ್ದು ಹೀಗೆ. ಎಜ್‌ವೇರ್‌ನ ಅಜ್ಜಿಗೆ ಎಂಬತ್ತೆಂಟು. ಬುಧವಾರ ಅವರು ಕೇರ್ ಹೋಮಿಗೆ ಹೋಗುವವರಿದ್ದರು. ಸೋಮವಾರ ನಾನು ಮಹಡಿಯ ಕೋಣೆ ಖಾಲಿ ಮಾಡುತ್ತಿದ್ದಾಗ ಅವರು ಆ ಡಬ್ಬಿ ಹಿಡಿದುಕೊಂಡು ಬಂದರು. ಒಳಗೆ ಒಂಬತ್ತು ಕಾರ್ಡು. ಎಲ್ಲ ಕಂದು ಬಣ್ಣದ ಫೋಟೊ, ದಪ್ಪ ರಟ್ಟಿಗೆ ಅಂಟಿಸಿದ್ದು. ಅವರ ಅಜ್ಜನವು. ಆ ಅಜ್ಜ ಇಪ್ಪತ್ತರ ವಯಸ್ಸಿನಲ್ಲಿ ಎರಡು ವರ್ಷ ಮನೆಯಲ್ಲಿರಲಿಲ್ಲ. ಅಮೆರಿಕದ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದೆ, ಸೇದಿದ ಸಿಗರೇಟಿನ ಪ್ಯಾಕಿನಲ್ಲಿ ಈ ಕಾರ್ಡು ಸಿಕ್ಕವು ಅಂತ ಅವನು ಹೇಳುತ್ತಿದ್ದನಂತೆ. ಮನೆಯವರು ನಂಬಲಿಲ್ಲ. ಅವನು ಆ ಎರಡು ವರ್ಷ ಜೈಲಿನಲ್ಲಿದ್ದ, ಕಾರ್ಡು ಯಾರಿಂದಲೋ ತೆಗೆದುಕೊಂಡು ಕಥೆ ಕಟ್ಟಿದ ಅಂತ ಎಲ್ಲರೂ ಅಂದರು. ಅಜ್ಜಿಯ ಅಪ್ಪ, ಅಂದರೆ ಅವನ ಸ್ವಂತ ಮಗ, ಸಾಯುವವರೆಗೂ ಅವನನ್ನು ಸುಳ್ಳುಬುರುಕ ಅಂತಲೇ ಕರೆದ.

"ನನಗೆ ಮಾರೋದು ಬೇಡ," ಅಂದರು ಅಜ್ಜಿ. "ಅವನು ಹೋಗಿದ್ದನೋ ಇಲ್ಲವೋ, ಅಷ್ಟು ಗೊತ್ತಾಗಬೇಕು. ಮನೆ ಬಿಡೋ ಮುಂಚೆ."

ಹಳೆಯ ಕಾರ್ಡು ಮಾರುವ ಒಬ್ಬ ಅಂಗಡಿಯವನನ್ನು ಮಾಲಕರು ಫೋನಿನಲ್ಲಿ ಹುಡುಕಿ, ಅಜ್ಜಿ ಕೇಳಿದ್ದನ್ನು ಹೇಳಿದರು. ಅವನು ಮಂಗಳವಾರ ಹನ್ನೊಂದಕ್ಕೆ ತಾ ಅಂದ. ಸಂಜೆ ಡಬ್ಬಿಯನ್ನು ಗೋದಾಮಿನಲ್ಲಿ ಇಡಬೇಕಿತ್ತು. ಅಲ್ಲಿಗೆ ಹೋಗಿ ಮತ್ತೆ ಬೆಳಗ್ಗೆ ಅಲ್ಲಿಂದ ತರುವುದು ಬೇಜಾರು. ಜೇಬಿನಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ಅಷ್ಟೇ.

ಮಂಗಳವಾರ ಹನ್ನೊಂದಕ್ಕೆ ಅಂಗಡಿಗೆ ಹೋದೆ. ಇಕ್ಕಟ್ಟಾದ ಅಂಗಡಿ. ಗೋಡೆ ತುಂಬ ಕಾರ್ಡು, ಹೆಚ್ಚು ಫುಟ್‌ಬಾಲ್ ಮತ್ತು ಕ್ರಿಕೆಟ್ಟಿನವರದು. ಅಂಗಡಿಯವನು ಅರವತ್ತು ದಾಟಿದ ಬಿಳಿಯ. ಡಬ್ಬಿ ತೆಗೆದು ಮೇಲಿನ ಕಾರ್ಡು ನೋಡಿದವನೇ ಕನ್ನಡಕ ತೆಗೆದ.

"ಇದಕ್ಕೆ ಏನಾಯ್ತು?"

"ನಮ್ಮ ತಾಯಿ ಪೂಜೆ ಮಾಡಿದಳು. ಅಳಿಸಿದ್ದು ನಾನು."

"ಪೂಜೆ?"

"ಹೌದು. ಕೆಲಸದ ಸಾಮಾನಿಗೆ ಮಾಡುತ್ತಾರೆ."

"ಕಾರ್ಡು ಪೂಜೆ ಮಾಡೋ ಹುಚ್ಚರು ನನ್ನ ಅಂಗಡಿಗೆ ದಿನಾ ಬರ್ತಾರೆ," ಅಂದ. "ನೀರು ಹಾಕಿ ಮಾಡಿದವರು ನೀವೇ ಮೊದಲು."

ಆಮೇಲೆ ಉಳಿದ ಎಂಟನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಭೂತಕನ್ನಡಿಯಲ್ಲಿ ನೋಡತೊಡಗಿದ. ನೋಡುತ್ತ ಮಾತಾಡಿದ. ಬಹಳ ಮಾತಾಡಿದ. ನೆನಪಿರುವಷ್ಟು ಬರೆಯುತ್ತೇನೆ.

ಇಂಥ ಕಾರ್ಡು ಮೊದಲು ಸಿಗರೇಟಿನದಾಗಿರಲಿಲ್ಲವಂತೆ. ಅಮೆರಿಕದಲ್ಲಿ ಆಟದ ಸಾಮಾನು ಮಾರುವ ಅಂಗಡಿಯವರು ಒಂದು ತಂಡದ ಫೋಟೊ ತೆಗೆಸಿ ರಟ್ಟಿಗೆ ಅಂಟಿಸಿ, ಹಿಂದೆ ತಮ್ಮ ಅಂಗಡಿಯ ಜಾಹೀರಾತು ಹಾಕಿ ಹಂಚುತ್ತಿದ್ದರು. ಆಗ ಸಿಗರೇಟು ಬರೀ ಕಾಗದದ ಪ್ಯಾಕಿನಲ್ಲಿ ಬರುತ್ತಿತ್ತು. ಜೇಬಿನಲ್ಲಿ ಇಟ್ಟರೆ ಮುರಿಯುತ್ತಿತ್ತು. ಮುರಿಯದಿರಲಿ ಅಂತ ಕಂಪನಿಯವರು ಒಳಗೆ ಒಂದು ರಟ್ಟಿನ ತುಂಡು ಇಟ್ಟರು. ಖಾಲಿ ರಟ್ಟು ಯಾಕೆ ಅಂತ ಅದರ ಮೇಲೆ ಚಿತ್ರ ಹಾಕಿದರು. ನಾಟಕದ ಹೆಂಗಸರು, ರಾಜರು, ಕುಸ್ತಿಯವರು, ಹಕ್ಕಿಗಳು. ಬೇಸ್‌ಬಾಲ್ ಆಡುವವರು. ಚಿತ್ರಕ್ಕಾಗಿ ಜನ ಅದೇ ಕಂಪನಿಯ ಸಿಗರೇಟು ಕೊಳ್ಳತೊಡಗಿದರು. ಮುಂದೆ ದೊಡ್ಡ ಕಂಪನಿಗಳೆಲ್ಲ ಸೇರಿ ಒಂದಾದವು. ಪೈಪೋಟಿಯೇ ಇಲ್ಲ, ಚಿತ್ರದ ಖರ್ಚು ಯಾಕೆ ಅಂತ ಕೆಲವು ವರ್ಷ ಕಾರ್ಡು ಕಡಿಮೆಯಾಯಿತು. ಆಮೇಲೆ ಬಣ್ಣದ ಚಿತ್ರ ಬಂದವು. ಆಮೇಲೆ ಮಿಠಾಯಿಯ ಜೊತೆ, ಚೂಯಿಂಗ್ ಗಮ್ಮಿನ ಜೊತೆ. ಇಲ್ಲಿಯ ಕಂಪನಿಗಳೂ ಸಿಗರೇಟಿನಲ್ಲಿ ಕಾರ್ಡು ಇಟ್ಟವು, ಗೋಡೆಯ ಮೇಲೆ ಇರುವುದೆಲ್ಲ ಅದೇ ಅಂದ.

"ಇದನ್ನು ನೋಡು," ಅಂತ ಭೂತಕನ್ನಡಿ ನನ್ನ ಕೈಗೆ ಕೊಟ್ಟ. ಒಬ್ಬ ಮೀಸೆಯವನು ಎರಡೂ ಕೈ ಮುಂದೆ ಚಾಚಿ ಚೆಂಡು ಹಿಡಿಯುತ್ತಿದ್ದ. ಚೆಂಡು ಗಾಳಿಯಲ್ಲಿತ್ತು.

"ಚೆಂಡು ಹೇಗೆ ನಿಂತಿದೆ?"

ನೋಡಿದೆ. ಚೆಂಡಿನ ಮೇಲೆ ಒಂದು ದಾರ ಇತ್ತು.

"ಆಗಿನ ಕ್ಯಾಮೆರಾ ನಿಧಾನ. ಓಡೋ ಚೆಂಡು ಹಿಡಿಯೋಕೆ ಆಗ್ತಿರಲಿಲ್ಲ. ದಾರ ಕಟ್ಟಿ ತೂಗುಬಿಟ್ಟಿದ್ದಾರೆ. ಹಿಂದೆ ಕಾಣೋ ಮೈದಾನ ಪರದೆ ಮೇಲೆ ಬರೆದದ್ದು. ಎಲ್ಲರೂ ಅದೇ ಕೋಣೆಗೆ ಬಂದು, ಅದೇ ಪರದೆ ಮುಂದೆ, ಅದೇ ಥರ ನಿಂತು ಹೋಗ್ತಿದ್ರು."

"ಅಂದ್ರೆ ಇವು ಅಸಲಿನಾ?"

"ಅಸಲಿ. ನೂರಮೂವತ್ತು ವರ್ಷದ ಮೇಲಾಯ್ತು."

ನಾನು ಎದ್ದೆ. ಅವನು ಕೂರು ಅಂದ.

"ಕಾರ್ಡು ಅಸಲಿ ಅಂದ್ರೆ ಮನುಷ್ಯ ಅಲ್ಲಿಗೆ ಹೋಗಿದ್ದ ಅಂತಲ್ಲ. ಹಡಗಿನವನೊಬ್ಬ ಇಲ್ಲಿಗೆ ತಂದು ಕೊಟ್ಟಿರಬಹುದು. ಯಾರ ಹತ್ರಾನೋ ಬದಲಿ ಮಾಡಿಕೊಂಡಿರಬಹುದು. ಆದರೆ ಒಂದು ವಿಷಯ ಇದೆ. ಕೂಡಿಡೋನು ಒಂದೇ ಕಾರ್ಡು ಎರಡಿದ್ರೆ ಒಂದನ್ನ ಕೊಟ್ಟು ಬೇರೆ ತಗೋತಾನೆ. ತಾನೇ ಪ್ಯಾಕ್ ಕೊಂಡು, ಸೇದಿ, ಬಿದ್ದದ್ದನ್ನ ಡಬ್ಬಿಗೆ ಹಾಕಿದೋನ ಹತ್ರ ಒಂದೇ ಕಾರ್ಡು ಎರಡು ಸಿಗುತ್ತೆ. ಎರಡು ಒಂದೇ ಇದ್ದಿದ್ರೆ ನಾನು ಅಜ್ಜಿಗೆ ಹೇಳ್ತಿದ್ದೆ, ನಿಮ್ಮ ಅಜ್ಜ ಹೋಗಿದ್ದ ಅಂತ."

ಎಂಟು ಕಾರ್ಡೂ ಬೇರೆ ಬೇರೆ. ಅವನು ಒಂಬತ್ತನೆಯದನ್ನು ತೆಗೆದು, ಎಂಟರಲ್ಲಿ ಒಂದರ ಪಕ್ಕ ಇಟ್ಟ. ಎರಡರಲ್ಲೂ ಬ್ಯಾಟು ಬಲಗಡೆಯ ಹೆಗಲ ಮೇಲೆ. ಎರಡರಲ್ಲೂ ಅದೇ ಪರದೆ. ಒಂದರಲ್ಲಿ ಮುಖವಿತ್ತು, ಹೆಸರಿತ್ತು. ಇನ್ನೊಂದರಲ್ಲಿ ಕೆಂಪು.

"ಒಂದೇನಾ?" ಅಂದೆ.

"ಇದೇ ಥರ ನಿಂತೋರು ಎಷ್ಟೋ ಜನ ಇದ್ದಾರೆ. ಮುಖ ಇದ್ದಿದ್ರೆ ಹೇಳಬಹುದಿತ್ತು. ಹೆಸರು ಇದ್ದಿದ್ರೂ ಹೇಳಬಹುದಿತ್ತು."

ದೀಪದ ಕೆಳಗೆ ಹಿಡಿದ, ಓರೆ ಮಾಡಿ ನೋಡಿದ, ಮತ್ತೆ ಇಟ್ಟ. ಆಗಲ್ಲ ಅಂದ.

ಮಧ್ಯಾಹ್ನ ಎರಡಕ್ಕೆ ಎಜ್‌ವೇರ್ ಮುಟ್ಟಿದೆ. ಮಾಲಕರು ವ್ಯಾನಿಗೆ ಕಪಾಟು ಏರಿಸುತ್ತಿದ್ದರು. ಬೆಳಗ್ಗೆಯಿಂದ ನಡೆದದ್ದನ್ನು ಹೇಳಿದೆ. ಅವರು ಹಗ್ಗ ಬಿಟ್ಟರು.

"ಮನಿಗೆ ಒಯ್ದಿದ್ದ್ಯಾ?"

"ಒಯ್ದಿದ್ನಿರಿ ಅಣ್ಣಾರ."

"ಎಷ್ಟ ಸಲ ಹೇಳೀನಿ ತಮ್ಮಾ? ಕಿವಿಯೊಳಗ ಏನ್ ತುರುಕ್ಕೊಂಡೀದಿ?"

ಅವರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. ಅವರು ದನಿ ಇಳಿಸಿದರೂ ಬೀದಿಯ ಆ ಕೊನೆಗೆ ಕೇಳುತ್ತದೆ.

"ಈಗ ಹಿಂಗ ಮಾಡು. ಎರಡೂ ಒಂದ ಅಂತ ಅಂಗಡ್ಯಾಂವ ಹೇಳ್ದ ಅಂತ ಹೇಳು. ಮುದಕಿ ಜೀವಕ್ಕ ಸಮಾಧಾನ. ನಾಳಿ ಹೊಂಟೇ ಹೋಗ್ತಾಳ. ಯಾರಿಗೇನ್ ನುಕಸಾನ ಅದ?"

"ಅಂಗಡ್ಯಾಂವ ಹಂಗ ಹೇಳಿಲ್ರಿ."

"ಖರೇ ಹೇಳಿ ನೀ ಏನ್ ಗಳಸ್ತೀದಿ? ಆಕಿ ಕಂಪ್ಲೇಂಟ್ ಬರದ್ಲಂದ್ರ ನಾ ನಿನ್ನ ಮಂದಿ ಮನಿಗೆ ಕಳಸಾಂಗಿಲ್ಲ, ನೋಡು. ಗೋದಾಮಿನಾಗ ಹಾಕ್ತೀನಿ. ಆಮ್ಯಾಲೆ ಅಣ್ಣಾರ ಅಂತ ಬರಬ್ಯಾಡ."

ಒಳಗೆ ಹೋದೆ. ಸುಳ್ಳು ಹೇಳಬೇಕು ಅಂತಲೇ ಹೋದೆ ಅಂದರೂ ತಪ್ಪಿಲ್ಲ. ಅಜ್ಜಿ ಕಿಟಕಿಯ ಪಕ್ಕ ಕೂತಿದ್ದರು. ಉಳಿದ ಕುರ್ಚಿ ಎಲ್ಲ ವ್ಯಾನಿಗೆ ಹೋಗಿದ್ದವು, ಅದೊಂದೇ ಇತ್ತು. ನಾನು ನಿಂತುಕೊಂಡೇ ಡಬ್ಬಿ ಕೊಟ್ಟೆ. ಅವರು ತೆಗೆದರು. ಕೆಂಪು ಕಂಡಿತು. ಅವರು ನನ್ನ ಮುಖ ನೋಡಿದರು. ಸುಳ್ಳು ಬಾಯಿಗೆ ಬರಲಿಲ್ಲ. ಎಲ್ಲ ಹೇಳಿದೆ. ಮನೆಗೆ ಒಯ್ದದ್ದು, ಅವ್ವ ಹಚ್ಚಿದ್ದು, ನಾನು ಒರೆಸಿದ್ದು, ಅಂಗಡಿಯವನು ಎರಡು ಕಾರ್ಡಿನ ವಿಷಯ ಹೇಳಿದ್ದು.

"ಹಾಗಾದರೆ ಗೊತ್ತಾಗಲ್ಲ," ಅಂದರು.

"ಇಲ್ಲ ಮೇಡಂ."

"ನಿನ್ನೆ ತೋರಿಸಿದ್ದರೆ ಗೊತ್ತಾಗುತ್ತಿತ್ತು."

"ಹೌದು."

"ನಾನೇ ಹತ್ತು ವರ್ಷದ ಹಿಂದೆ ತೋರಿಸಿದ್ದರೂ ಗೊತ್ತಾಗುತ್ತಿತ್ತು," ಅಂದರು. ಅದು ನನಗಾಗಿ ಹೇಳಿದ್ದಲ್ಲ.

ಆಮೇಲೆ ನನ್ನ ಕಡೆ ತಿರುಗಿದರು. "ನಿನ್ನ ಬಾಸ್ ಹೊರಗೆ ನಿನಗೆ ಏನೋ ಹೇಳಿಕೊಡುತ್ತಿದ್ದ. ನಿಮ್ಮ ಭಾಷೆ ನನಗೆ ಬರಲ್ಲ, ಆದರೆ ಆ ದನಿ ಎಲ್ಲ ಭಾಷೆಯಲ್ಲೂ ಒಂದೇ. ಏನು ಹೇಳು ಅಂದ?"

"ಎರಡೂ ಒಂದೇ ಕಾರ್ಡು ಅಂತ."

"ಹೇಳಿದ್ದರೆ ನಂಬುತ್ತಿದ್ದೆ."

"ಗೊತ್ತು."

ಅವರು ಚೀಲದಿಂದ ಓದುವ ಭೂತಕನ್ನಡಿ ತೆಗೆದು ಆ ಎರಡು ಕಾರ್ಡನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡರು. ನೋಡಿದರು. ಹತ್ತು ನಿಮಿಷ ಆಗಿರಬೇಕು. ಮಾಲಕರು ಒಂದು ಸಲ ಇಣುಕಿ ಹೋದರು. ಕೊನೆಗೆ ಅಜ್ಜಿ ಏಳು ಕಾರ್ಡನ್ನು ಒಂದು ಕಡೆ ಮಾಡಿದರು, ಎರಡನ್ನು ಒಂದರ ಮೇಲೊಂದು ಇಟ್ಟು ಇನ್ನೊಂದು ಕಡೆ ಮಾಡಿದರು.

"ಒಂದೇ," ಅಂದರು.

"ಅಂಗಡಿಯವನು ಹಾಗೆ ಹೇಳಿಲ್ಲ ಮೇಡಂ."

"ಅವನು ಹೇಳಿಲ್ಲ. ನಾನು ಹೇಳುತ್ತಿದ್ದೇನೆ. ನಾನು ಎಂಟು ವರ್ಷದವಳಿದ್ದಾಗ ಅಜ್ಜ ಇವನ್ನು ನನ್ನ ಮಡಿಲಲ್ಲಿ ಹಾಕಿ ತೋರಿಸುತ್ತಿದ್ದ."

"ಆಗ ಎರಡು ಒಂದೇ ಇದ್ದವಾ?"

"ನೆನಪಿಲ್ಲ," ಅಂದರು.

ಡಬ್ಬಿಯನ್ನು ಪ್ಯಾಕ್ ಮಾಡಲು ಕೇಳಿದೆ. ಕೊಡಲಿಲ್ಲ. ತಮ್ಮ ಕೈಚೀಲಕ್ಕೆ ಹಾಕಿ ಅದರ ಬಾಯಿ ಮುಚ್ಚಿದರು. ಆಮೇಲೆ ಒಂದು ಕಾಗದ ಕೇಳಿದರು. ನಮ್ಮ ಫಾರಂ ಒಂದರ ಹಿಂದೆ ತಾವೇ ಮೂರು ಸಾಲು ಬರೆದು, ಇದನ್ನು ಮಾಲಕರ ಕೈಗೆ ಕೊಡು ಅಂದರು. ಓದಿದೆ. ತಮ್ಮ ಸಾಮಾನನ್ನು ನಾನು ಕೇಳದೆ ನನ್ನ ಮನೆಗೆ ಒಯ್ದೆ, ಅದು ಹಾಳಾಯಿತು, ಹಾಗೆ ಮಾಡಬಾರದಿತ್ತು ಅಂತ ಇತ್ತು. ಅದರಲ್ಲಿ ಸುಳ್ಳು ಏನೂ ಇರಲಿಲ್ಲ. ಒಯ್ದು ಕೊಟ್ಟೆ.

ಮಾಲಕರು ಓದಿ ಮಡಚಿ ಜೇಬಿಗೆ ಇಟ್ಟುಕೊಂಡರು. "ಸೋಮವಾರದಿಂದ ಗೋದಾಮು," ಅಂದರು.

ಆ ಸೋಮವಾರದಿಂದ ಪಾರ್ಕ್ ರಾಯಲ್‌ನಲ್ಲಿ ಸಾಮಾನು ಇಳಿಸಿ ಒಟ್ಟುತ್ತಿದ್ದೇನೆ. ಯಾರ ಮನೆಗೂ ಹೋಗುವುದಿಲ್ಲ. ಆ ಎರಡು ಕಾರ್ಡು ಒಂದೇ ಇದ್ದವೋ ಇಲ್ಲವೋ ನನಗೆ ಗೊತ್ತಿಲ್ಲ. ಅಜ್ಜಿಗೆ ಗೊತ್ತಾಯಿತೋ, ತೀರ್ಮಾನ ಮಾಡಿಕೊಂಡರೋ, ಅದೂ ಗೊತ್ತಿಲ್ಲ. ಇದರ ಮೇಲೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.