ಬಸುರಿ ಇದ್ದ ಮನೆಯ ಬೇವಿನ ಗಿಡ

ನಮ್ಮ ಹಿತ್ತಲಿನ ಬೇವಿನ ಗಿಡವನ್ನು ಕಡಿಯಲೇಬೇಕಿತ್ತು, ಕಡಿಯಲೇಬಾರದಿತ್ತು. ಎರಡಕ್ಕೂ ಕಾರಣ ಒಂದೇ: ನಮ್ಮ ಅಕ್ಕ ಬಸುರಿಯಾಗಿ ತಿಕೋಟಾದ ತವರಿಗೆ ಬಂದಿದ್ದಳು.

ಕಡಿಯಬೇಕೆಂಬ ಹುಕುಂ ಬಬಲೇಶ್ವರದವರದು. ಅಕ್ಕನ ಅತ್ತೆ ಕುಬಸದ ದಿನ ನಮ್ಮ ಮನೆಗೆ ಬಂದವರು, ಉಡಿ ತುಂಬುವುದು, ಊಟ ಎಲ್ಲ ಮುಗಿದ ಮೇಲೆ ಬಾಣಂತಿಯ ಕೋಣೆ ತೋರಿಸಿರೆಂದು ಕೇಳಿದರು. ತೋರಿಸಿದರೆ ಕೋಣೆಯನ್ನು ನೋಡಲಿಲ್ಲ. ಅದರ ಮಣ್ಣಿನ ಮಾಳಿಗೆಯ ಮೇಲೆ ಚಾಚಿದ್ದ ದಪ್ಪ ಟೊಂಗೆಯನ್ನೇ ನೋಡುತ್ತ ನಿಂತರು. ಗಿಡಕ್ಕೆ ವಯಸ್ಸಾಗಿತ್ತು. ಬೊಡ್ಡೆಯಲ್ಲಿ ಮೊಳಕೈತನಕ ಕೈ ಹೋಗುವ ಪೊಟರೆ. ಹಿತ್ತಲು ಅಷ್ಟು ಬಯಲಿದ್ದರೂ ಅದು ವಾಲಿದ್ದು ಮನೆಯ ಕಡೆಗೇ.

"ವೈಶಾಖದ ಗಾಳಿಗೆ ಇದು ನಿಲ್ಲಂಗಿಲ್ರಿ. ಹ್ವಾದ ವರ್ಷ ನಮ್ಮ ದನದ ಕೊಟಗಿ ಮ್ಯಾಲೆ ಇಂಥಾದ ಒಂದು ಬಿತ್ತು," ಎಂದರು ಬೀಗತಿ. "ಗಿಡಾ ಕಡೀರಿ, ಇಲ್ಲಾ ಹುಡುಗೀನ ಕರಕೊಂಡ ಹೋಗ್ತೀವಿ. ಬಾಣಂತನ ನಮ್ಮಲ್ಲೇ ಆಗ್ಲಿ."

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕೆಂಬುದು ಪದ್ಧತಿ. ಪದ್ಧತಿ ಎಂದ ಕೂಡಲೇ ನನಗೆ ಜಗಳ ತೆಗೆಯುವ ಉಮೇದಿ ಬರುತ್ತದೆ. ಆದರೆ ಅಕ್ಕನಿಗೆ ಅದು ಪದ್ಧತಿಯ ಮಾತಾಗಿರಲಿಲ್ಲ. ಆಕೆಗೆ ಹೆದರಿಕೆಯಾಗಿತ್ತು. ಹೆರುವಾಗ ಅವ್ವ ಪಕ್ಕದಲ್ಲಿ ಇರಬೇಕು, ಅವ್ವನ ಬದಲು ಇನ್ನು ಯಾರಿದ್ದರೂ ಆಗದು ಎಂದು ನನ್ನೊಬ್ಬಳಿಗೇ ಹೇಳಿದ್ದಳು. ಹೀಗಾಗಿ ಈ ಒಂದು ಪದ್ಧತಿಯನ್ನು ನಾನು ಸದ್ಯಕ್ಕೆ ಬಿಟ್ಟುಕೊಟ್ಟೆ.

ಕಡಿಯಬಾರದೆಂಬ ಹುಕುಂ ಅಪ್ಪನ ತಾಯಿಯದು, ನಮ್ಮ ಆಯಿಯದು.

"ಮನಿಯಾಗ ಬಸುರಿ ಇರೂತನಕ ಹಸಿ ಗಿಡಕ್ಕ ಕೊಡ್ಲಿ ಹಚ್ಚಬಾರದು. ಹಚ್ಚಿದವರ ಮನಿ ನಾ ನೋಡೇನಿ."

"ಏನಾತು ಆಯೀ ಅವರಿಗೆ?"

"ಏನಾತು ಅಂತ ಹೇಳಿದ್ರ ನೀ ಪುರಾವೆ ಕೇಳ್ತಿ. ಅದಕ್ಕ ಹೇಳಂಗಿಲ್ಲ."

ಆಯಿಗೆ ನನ್ನ ರೋಗ ಗೊತ್ತಿತ್ತು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಅದು. ನಾನು ವಿಜಾಪುರದಲ್ಲಿ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಸೋದರಮಾವನ ಮನೆಯಲ್ಲಿದ್ದು ಸಾಲೆ ಓದುತ್ತಿದ್ದೆ. ನಮ್ಮ ಚರ್ಚಾಕೂಟದಲ್ಲಿ ಚೀಟಿ ಎತ್ತಿದಾಗ ಯಾವ ಪಕ್ಷ ಬಂತೋ ಅದನ್ನೇ ವಾದಿಸಬೇಕು. ಹುಡುಗಿಯರಿಗೆ ಇಂಗ್ಲಿಷ್ ಕಲಿಸಬೇಕೆಂದೂ ಕಲಿಸಬಾರದೆಂದೂ ಒಂದೇ ಮಧ್ಯಾಹ್ನ ವಾದಿಸಿ ಎರಡರಲ್ಲೂ ಗೆದ್ದವಳು ನಾನು. ಜಾತಕ, ಶಕುನ, ಹಲ್ಲಿಯ ಲೊಚಗುಟ್ಟುವಿಕೆ ಯಾವುದನ್ನೂ ನಂಬುತ್ತಿರಲಿಲ್ಲ. ಈಗಲೂ ನಂಬುವುದಿಲ್ಲ, ನಂಬಿಸುವವರಿದ್ದರೆ ಬರಲಿ.

ರವಿವಾರ ಊರಿಗೆ ಬಂದೆ. ಆಗಿನ್ನೂ ಪೆಟ್ರೋಲಿನ ಅಭಾವ ನೀಗಿರಲಿಲ್ಲ, ಬಸ್ಸು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿತ್ತು. ಏರು ಬಂದಲ್ಲಿ ನಾವೇ ಇಳಿದು ಅದರ ಜೊತೆಗೆ ನಡೆಯಬೇಕು. ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ಬಾಗಿಲಿಗೆ ಬಂದವಳನ್ನು ನೋಡಿ ಅಪ್ಪನಿಗೆ ಹಿಗ್ಗು.

"ವಕೀಲ್ರು ಬಂದ್ರು ನೋಡ್ರಪಾ! ಬಾ, ನಿಮ್ಮ ಆಯಿಗಿ ಒಂದೀಟು ತಿಳಿಸಿ ಹೇಳು."

ಹೇಳಿದೆ. ಪೊಟರೆ ಬಿದ್ದ ಬೊಡ್ಡೆ, ವಾಲಿದ ಭಾರ, ಕೆಳಗೆ ಮಣ್ಣಿನ ಮಾಳಿಗೆ, ಅದರ ಕೆಳಗೆ ಹಸಿಗೂಸು. ನಾನೇ ಹೆದರುವ ಹಾಗೆ ಹೇಳಿದೆ. ಆಯಿ ಎಲೆ ಅಡಿಕೆ ಅಗಿಯುತ್ತ ಕೇಳಿ, "ಚಲೋ ಹೇಳಿದಿ. ಇನ್ನ ನನ್ನ ಪರ ಮಾತಾಡು. ನಿಮ್ಮ ಸಾಲ್ಯಾಗ ಎರಡೂ ಕಡೆ ಕಲಸ್ತಾರಂತಲ್ಲ," ಎಂದಳು.

ಕರೆದರೆ ಬಿಡುವವಳೇ ನಾನು? ಈ ಒಣ ನೆಲದಲ್ಲಿ ಒಂದು ನೆರಳು ಬೆಳೆಸಲು ಅರ್ಧ ಆಯುಷ್ಯ ಬೇಕು, ಕೆಡವಲು ಒಂದು ಮುಂಜಾನೆ ಸಾಕು. ಕುಡಿಯುವ ನೀರಿಗೇ ಭಾವಿಯ ತಳ ಕೆರೆಯುವ ಊರಲ್ಲಿ ಹೊಸ ಸಸಿಗೆ ನೀರು ಹೊರುವವರಾರು? ಟೊಂಗೆ ಬಿದ್ದರೆ ಬಿದ್ದೀತು; ಬಿಸಿಲು ಮಾತ್ರ ದಿನಾ ಬೀಳುತ್ತದೆ. ಪಡುವಣ ಬಿಸಿಲಿಗೆ ಬರಿದಾದ ಆ ಮಾಳಿಗೆಯ ಕೆಳಗೆ ಕೂಸು ಬೇಯುವುದಿಲ್ಲವೆ? ಎರಡನೆಯ ವಾದ ಮೊದಲನೆಯದಕ್ಕಿಂತ ರಂಗೇರಿತು. ಮುಗಿಸುವಷ್ಟರಲ್ಲಿ ಅಪ್ಪ ಗಿಡ ಇರಲಿ ಎನ್ನುತ್ತಿದ್ದ. ಆಯಿಗೆ ಅದೇ ಹೊತ್ತಿಗೆ ನನ್ನ ಮೊದಲ ವಾದ ನಾಟಿತ್ತು. ಕಡಿಯುವುದೇ ಒಳ್ಳೆಯದೇನೋ ಎಂದು ಮಾಳಿಗೆಯ ಕಡೆ ನೋಡುತ್ತಿದ್ದಳು.

ಹೊರಸಿನ ಮೇಲೆ ಮಲಗಿದ್ದ ಅಕ್ಕ ತಲೆಯೆತ್ತಿ, "ನಿನ್ನ ಕರಸಿದ್ದ ತಪ್ಪಾತು ನೋಡವಾ. ಮೊದಲ ಒಂದ ಜಗಳ ಇತ್ತು, ಈಗ ಎರಡಾದ್ವು," ಎಂದಳು.

ಮಾತು ಚುಚ್ಚಿತು. ಗೆಲ್ಲುವುದು ನನ್ನ ಸಾಲೆಯ ಕೆಲಸ. ಅಕ್ಕನಿಗೆ ಬೇಕಾಗಿದ್ದುದು ತಿಕೋಟಾದಲ್ಲೇ ಉಳಿಯುವುದು. ನಮ್ಮ ಮಾಸ್ತರರು ಕಲಿಸಿದ ಮೊದಲ ಪಾಠವನ್ನೇ ನಾನು ಬಿಟ್ಟಿದ್ದೆ: ವಾದಕ್ಕಿಳಿಯುವ ಮೊದಲು ವಿಷಯದ ಒಂದೊಂದು ಶಬ್ದವನ್ನೂ ಮೊಳೆ ಹೊಡೆದು ನಿಲ್ಲಿಸು. ಮುಂದಿನ ರವಿವಾರ ಆಯಿಯ ಮುಂದೆ ಕೂತೆ.

"ಆಯೀ, ಅವ್ವ ದಿನಾ ಒಲಿಗೆ ಕಟಿಗಿ ಒಡೀತಾಳಲ್ಲ, ಅದಕ್ಕ ದೋಷ ಇಲ್ಲಾ?"

"ಒಣಾ ಕಟಿಗಿಗಿ ಎಂಥಾ ದೋಷ ಬೇ?"

"ಅಂದ್ರ ಗಿಡದ ಮ್ಯಾಲ ಇದ್ದ ಟೊಂಗಿ ಒಣಗಿದ್ರ?"

ಆಯಿ ಅಗಿಯುವುದನ್ನು ನಿಲ್ಲಿಸಿದಳು. ನನ್ನ ಮಾತಿನಲ್ಲಿ ಉರುಳು ಎಲ್ಲಿದೆಯೆಂದು ಹುಡುಕಿದಳು, ಸಿಗಲಿಲ್ಲ. "ಖರೇನ ಒಣಗಿದ್ರ ಕಡೀಬಹುದು. ಆದ್ರ ಫಾಲ್ಗುಣದಾಗ ಹೆಂಗ ಗೊತ್ತಾಗಬೇಕು?"

ನಮ್ಮ ಕಡೆ ಆ ತಿಂಗಳು ಎಲೆಯುದುರಿದ ಗಿಡಗಳೆಲ್ಲ ಸತ್ತಂತೆಯೇ ಕಾಣುತ್ತವೆ. ಹಿಂದಿನ ವರ್ಷ ಬಾಜೂ ಮನೆಯವರು ತಮ್ಮ ಬೇವು ಸತ್ತಿತೆಂದು ಫಾಲ್ಗುಣದಲ್ಲಿ ಕೆಡವಿದ್ದರು. ಯುಗಾದಿಗೆ ಬೊಡ್ಡೆಯ ಸುತ್ತ ಕೆಂಪನೆ ಚಿಗುರು ಬಂದು, ಮನೆಯವರು ನಾಚಿಕೆಗೆ ಆ ಹಬ್ಬದಲ್ಲಿ ಹಿತ್ತಲ ಬಾಗಿಲನ್ನೇ ತೆಗೆಯಲಿಲ್ಲ. ಆದ್ದರಿಂದ ಯುಗಾದಿಯವರೆಗೆ ಕಾಯುವುದು, ಚಿಗುರದ ಟೊಂಗೆಯನ್ನು ಒಣಗಿದ್ದೆಂದು ಒಪ್ಪಿಕೊಳ್ಳುವುದು ಎಂದು ಠರಾವಾಯಿತು. ಯುಗಾದಿಯಾದ ಮೇಲೆ ಬಂಡಿ ತರುವುದಾಗಿ ಬಬಲೇಶ್ವರದಿಂದ ಹೇಳಿಕಳಿಸಿದರು. ಗಿಡ ಕಡಿದಿದ್ದರೆ ಬಂಡಿ ಖಾಲಿ ತಿರುಗುತ್ತದೆ, ಇಲ್ಲದಿದ್ದರೆ ಅಕ್ಕನನ್ನು ಹೊತ್ತುಕೊಂಡು.

ಯುಗಾದಿಗೆ ಗಿಡವೆಲ್ಲ ತಾಮ್ರದ ಬಣ್ಣದಲ್ಲಿ ಚಿಗುರಿತು. ಕೋಣೆಯ ಮೇಲಿನ ಟೊಂಗೆ ಮಾತ್ರ ಬೋಳು, ಅದರ ನಡುವೆ ಧೂಳು ತುಂಬಿದ ಕಾಗೆಯ ಗೂಡು. ನಾನು ಗೆದ್ದೆನೆಂದು ಬೆಲ್ಲ ಜಾಸ್ತಿ ತಿಂದೆ; ಬೀಗತಿಯ ಕಣ್ಣೆದುರೇ ಕಡಿಯೋಣವೆಂದ ಅಪ್ಪ. ಆದರೆ ಬೀಗತಿ ಬರುವ ಹಿಂದಿನ ಸಂಜೆ ಒಂದು ಅಡ್ಡಮಳೆ ಬಡಿದು ಹೋಯಿತು. ಮುಂಜಾನೆ ನೋಡಿದರೆ ಅದೇ ಬೋಳು ಟೊಂಗೆಯ ಮೇಲೆ ಹಸಿರು ಎಲೆಗಳು ಮಿನುಗುತ್ತಿವೆ!

"ಜೀವ ಐತಿ! ನಾ ದಿನಾ ಮುಸುರಿ ನೀರು ಸುರದದ್ದಕ್ಕ ಜೀವ ಬಂತು," ಎಂದು ಆಯಿ ಕೈಮುಗಿದಳು. ಹಸಿ ಎಂದ ಮೇಲೆ ಕೊಡಲಿ ಇಲ್ಲ. ನನ್ನ ಠರಾವು ನನ್ನನ್ನೇ ಕಟ್ಟಿಹಾಕಿತ್ತು.

ಹೊತ್ತು ಏರುವ ಮೊದಲೇ ಬೀಗತಿ ಬಂದರು. ಕಾಲಿಗೆ ನೀರು ಹಾಕಿಕೊಳ್ಳುತ್ತಲೇ ಮೇಲೆ ನೋಡಿ, "ಕಡದಿಲ್ಲ," ಎಂದರು.

"ಹಸರ ಐತ್ರಿ," ಎಂದಳು ಆಯಿ.

"ಹಂಗಾದ್ರ ಕಡೀಬ್ಯಾಡ್ರಿ, ಆ ಪಾಪ ನಾನೂ ಹೊರಂಗಿಲ್ಲ. ಹುಡುಗಿಗಿ ಗಂಟು ಕಟ್ಟಂತ ಹೇಳ್ರಿ."

ನಾನು ಬಾಯಿ ತೆಗೆದೆ.

"ನೀ ಸುಮ್ಮಿರ ಬೇ. ನಿನ್ನ ವಾದ ಬಬಲೇಶ್ವರದ ತನಕ ಕೇಳ್ಯಾವು."

ಅಕ್ಕ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಸಿಟ್ಟಿತ್ತು. "ಅತ್ತೀ, ಅದು ಬೇವಲ್ರಿ. ನೀವ್ಯಾರೂ ನನ್ನ ಕೇಳಲೇ ಇಲ್ಲ. ದಿನಾ ಅದನ್ನ ನೋಡ್ಕೋತ ಮಲಗಾಕಿ ನಾನು. ಕಾಗಿ ಗೂಡಂತ ಇವರೆಲ್ಲ ಅಂದ್ರಲ್ಲ, ಅದರಾಗ ಕೆಂಪ ಹೂವು ಆಗಿದ್ವು. ಗೂಡಿನಾಗ ಹೂ ಆಗ್ತಾವೇನ್ರಿ?"

ಅಪ್ಪ ನಿಚ್ಚಣಿಕೆ ಹಾಕಿ ಮಾಳಿಗೆ ಹತ್ತಿ ಆ ಹಸಿರೆಲೆಯ ಒಂದು ಕುಡಿಯನ್ನೂ ಟೊಂಗೆಯ ಒಂದು ಕಡ್ಡಿಯನ್ನೂ ಮುರಿದು ತಂದ. ಬೇವಿನ ಎಲೆಯ ಅಂಚಿಗೆ ಗರಗಸದ ಹಲ್ಲು. ಇದಕ್ಕೆ ಹಲ್ಲಿಲ್ಲ, ಚರ್ಮದಂತೆ ದಪ್ಪ. ಬದನಿಕೆ! ಬೇರೆ ಗಿಡದ ಮೇಲೆ ಕೂತು, ಟೊಂಗೆ ಒಣಗುವತನಕ ಅದರ ರಸ ಹೀರುವ ಜಾತಿ. ಧೂಳಿನಲ್ಲಿ ಗೂಡಿನಂತೆ ಕಂಡದ್ದನ್ನು ಮಳೆ ತೊಳೆದಿತ್ತು, ಅಷ್ಟೆ. ಬೀಗತಿ ಕುಡಗೋಲು ಕೇಳಿದರು. ಅಪ್ಪ ತಂದ ಆ ಕಡ್ಡಿಯ ತೊಗಟೆ ಕೆರೆದರು: ಒಳಗೆ ಬೂದಿಬಣ್ಣ, ಪುಡಿ ಉದುರಿತು. ಕೆಳಗಿನ ಬೇರೆ ಟೊಂಗೆಗಳನ್ನೂ ಒಂದೊಂದಾಗಿ ಕೆರೆದು ನೋಡಿದರು: ಎಲ್ಲ ಹಸಿರು.

"ಹಂಗಾದ್ರ ನಾ ಇಷ್ಟ ದಿನ ನೀರು ಹಾಕಿದ್ದು ಯಾರಿಗೆ?" ಎಂದಳು ಆಯಿ.

"ಪುಕ್ಕಟ ಬಾಡಿಗಿ ಕುಂತವಗ!" ಎಂದ ಅಪ್ಪ. ಬೀಗತಿ ನಕ್ಕುಬಿಟ್ಟರು, ಅವರು ನಗುವುದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಅಪ್ಪ ಹಗ್ಗ ಬಿಗಿದು ಟೊಂಗೆಯನ್ನು ಮಧ್ಯಾಹ್ನದೊಳಗೆ ಇಳಿಸಿದ. ಮಾಳಿಗೆಗೆ ಒಂದು ಗೀರೂ ಬೀಳಲಿಲ್ಲ. ಉಳಿದ ಗಿಡದ ಮೇಲೆ ನಾನೂ ಬೀಗತಿಯೂ ಊಟದ ಉದ್ದಕ್ಕೂ ವಾದ ಹಾಕಿದೆವು. ಅವರು ಚರ್ಚಾಕೂಟದಲ್ಲಿದ್ದಿದ್ದರೆ ನನಗೆ ಬಹುಮಾನದ ಕಪ್ ಸಿಗುತ್ತಿರಲಿಲ್ಲ. ಮನೆಯ ಕಡೆಯ ಭಾರ ಹೋದದ್ದರಿಂದ ಗಿಡ ಈಗ ಬೀಳದೆಂದು ಅವರು ಒಪ್ಪಿದರು. ಅದು ಎಂದೆಂದಿಗೂ ನಿಲ್ಲದೆಂದು ನಾನು ಒಪ್ಪಿದೆ. ಮಳೆಗಾಲಕ್ಕೆ ಹಿತ್ತಲ ಆಚೆ ಮಗ್ಗುಲಿಗೆ ಸಸಿ ನೆಡುವುದು, ಅದರ ನೆರಳು ಹಿತ್ತಲ ಹೊಸ್ತಿಲು ಮುಟ್ಟಿದ ವರ್ಷ ಹಳೆಯದನ್ನು ಕಡಿಯುವುದು, ಅಲ್ಲಿಯವರೆಗೆ ಪ್ರತಿ ಯುಗಾದಿಗೆ ಚಿಗುರದ್ದನ್ನಷ್ಟೇ ತೆಗೆಯುವುದು.

"ವರ್ಷಾ ನಾನ ಬಂದು ಕೆರದ ನೋಡಾಕಿ," ಎಂದರು ಬೀಗತಿ.

"ಬರ್ರಿ, ಹೋಳಿಗಿ ಮಾಡ್ತೀವಿ. ಕುಡಗೋಲ ಮಾತ್ರ ನೀವ ತರ್ರಿ," ಎಂದಳು ಆಯಿ.

ಬಂಡಿ ಖಾಲಿ ಹೋಗುವುದೆಂದು ಅಕ್ಕನಿಗೆ ಹೇಳಲು ಎಲ್ಲರೂ ಕೂಡಿಯೇ ಹಿತ್ತಲಿಗೆ ಹೋದೆವು. ಆಕೆ ಹೊರಸನ್ನು ಬೊಡ್ಡೆಯ ಹತ್ತಿರ ಎಳೆಸಿಕೊಂಡು, ಅವ್ವನ ತೊಡೆಯ ಮೇಲೆ ತಲೆಯಿಟ್ಟು, ಬಾಯಿ ತೆರೆದುಕೊಂಡು ಗಾಢವಾಗಿ ನಿದ್ದೆ ಹೋಗಿದ್ದಳು. ಎಬ್ಬಿಸಿ ಹೇಳಬೇಕು ಎಂದಳು ಆಯಿ. ಮಲಗಿದ ಬಸುರಿಯನ್ನು ಎಬ್ಬಿಸಬಾರದು ಎಂದರು ಬೀಗತಿ. ನಾನು ಚೀಟಿ ಎತ್ತದೆಯೇ ಬೀಗತಿಯ ಪಕ್ಷ ಸೇರಿದೆ.