ಆ ಗುರುವಾರ ಹೂದೋಟಕ್ಕೆ ಬಂದವರು

ದೆವ್ವ, ಗಾಳಿ, ಮೈಮೇಲೆ ಬರುವುದು ಇಂಥ ಮಾತು ಶುರುವಾದರೆ ಎದ್ದು ಹೋಗುತ್ತಿದ್ದವನು ನಾನು. ಸುಮ್ಮನೆ ಹೋಗುತ್ತಿರಲಿಲ್ಲ, ಒಂದು ಕೊಂಕು ಆಡಿಯೇ ಹೋಗುತ್ತಿದ್ದೆ. ಸರ್ಕಾರದ ಚೀಲ ಹೆಗಲಿಗೆ ಹಾಕಿಕೊಂಡು ಊರೂರು ಸುತ್ತುತ್ತಿದ್ದ ವಯಸ್ಸು. ಜನರ ಮೂಢನಂಬಿಕೆ ಬಿಡಿಸುವುದಕ್ಕೇ ಹುಟ್ಟಿದವನು ಎಂಬ ಜಂಬ ಬೇರೆ. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ಖಂಡಿತ ನಂಬುತ್ತಿರಲಿಲ್ಲ. ನೀವು ನಂಬದಿದ್ದರೂ ಬೇಸರವಿಲ್ಲ. ಇದರಲ್ಲಿ ಕತ್ತಲೆಯಿಲ್ಲ, ಸ್ಮಶಾನವಿಲ್ಲ. ಎಲ್ಲ ನಡೆದದ್ದು ಮಧ್ಯಾಹ್ನದ ಬಿಸಿಲಿನಲ್ಲಿ. ಆದರೂ ಇಷ್ಟು ವರ್ಷ ಹೆಂಡತಿಗೂ ಹೇಳಿರಲಿಲ್ಲ, ನಾಚಿಕೆಯಿಂದ.

ಅರವತ್ತರ ದಶಕದ ಮೊದಲ ವರ್ಷಗಳು. ಅರಸೀಕೆರೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಕುಷ್ಠರೋಗಿಗಳ ಮನೆಗೆ ಹೋಗಿ ಮಾತ್ರೆ ಕೊಡುವುದು, ಸ್ಪರ್ಶ ಸತ್ತ ಕೈಕಾಲುಗಳಲ್ಲಿ ಅವರಿಗೇ ಗೊತ್ತಾಗದಂತೆ ಗಾಯವೋ ಸುಟ್ಟದ್ದೋ ಆಗಿದೆಯೇ ಎಂದು ನೋಡುವುದು, ಒಳಕ್ಕೆ ಮಡಚಿಕೊಳ್ಳುತ್ತಿರುವ ಬೆರಳುಗಳಿಗೆ ಎಣ್ಣೆ ಹಚ್ಚಿ ತೀಡಿ ನೆಟ್ಟಗೆ ಮಾಡುವುದು ನನ್ನ ಕೆಲಸ. ತರಬೇತಿಯಲ್ಲಿ ಡಾಕ್ಟರು ಮೊದಲ ದಿನವೇ ಹೇಳಿದ್ದರು: ರೋಗಿಯ ಕೈಯನ್ನು ನಿಮ್ಮ ತೊಡೆಯ ಮೇಲಿಟ್ಟುಕೊಂಡು ತೀಡಬೇಕು, ನೀವೇ ಮುಟ್ಟಲು ಹೆದರಿದರೆ, ಹೆದರಬೇಡಿ ಎಂದು ಊರಿಗೆ ಹೇಳುವ ಮುಖ ಇರುವುದಿಲ್ಲ. ನಾನು ತಲೆಯಾಡಿಸಿದ್ದೆ. ಶಾಲೆಗಳಲ್ಲಿ ನಿಂತು, ಮುಟ್ಟಿದ ಮಾತ್ರಕ್ಕೆ ಈ ರೋಗ ಬರುವುದಿಲ್ಲ ಎಂದು ಭಾಷಣವನ್ನೂ ಬಿಗಿಯುತ್ತಿದ್ದೆ. ಆದರೆ ನಾನು ಯಾರನ್ನೂ ಮುಟ್ಟುತ್ತಿರಲಿಲ್ಲ. ಒಂದು ಮಾರು ದೂರ ಕೂತು, ನನ್ನ ಕೈಯನ್ನೇ ನಾನು ತೀಡಿ ತೋರಿಸಿ, ಹೀಗೆ ಮಾಡಿಕೊಳ್ಳಿ ಎನ್ನುತ್ತಿದ್ದೆ. ಅವರ ಕಾರ್ಡಿನಲ್ಲಿ ಮಾತ್ರ 'ಎಣ್ಣೆ ಹಚ್ಚಿ ತೀಡಲಾಯಿತು' ಎಂದು ಬರೆದು ರುಜು ಹಾಕುತ್ತಿದ್ದೆ.

ರುಕ್ಮಿಣಮ್ಮನವರು ನನ್ನ ರೋಗಿಗಳಲ್ಲಿ ಒಬ್ಬರು. ಜಾವಗಲ್ಲಿನಿಂದ ಹಳೇಬೀಡಿನ ಕಡೆ ಹೋಗುವ ದಾರಿಯಲ್ಲಿ ಅವರ ಊರು. ಗಂಡ ಅಲ್ಲಿನ ದೇವಸ್ಥಾನದ ಅರ್ಚಕರು. ನೈವೇದ್ಯ ಮಾಡುವುದು, ಹೂ ಕಟ್ಟುವುದು ಇವರ ಪಾಲಿನ ಸೇವೆ. ಬಲಗೈಯ ಕೊನೆಯ ಎರಡು ಬೆರಳು ಮಡಚಿಕೊಳ್ಳತೊಡಗಿದ್ದವು. ಅವು ಪೂರ್ತಿ ಮಡಚಿಕೊಂಡರೆ ಹೂ ಕಟ್ಟಲಾಗುವುದಿಲ್ಲ, ಯಾಕೆ ಕಟ್ಟುತ್ತಿಲ್ಲ ಎಂದು ಊರು ಕೇಳುತ್ತದೆ, ಕಾರಣ ತಿಳಿದ ದಿನ ತಲೆತಲಾಂತರದ ಪೂಜೆ ಕೈಬಿಟ್ಟು ಹೋಗುತ್ತದೆ. ಹಾಗಾಗಿ ನಾನು ಅವರ ಮನೆಗೆ ಹೋಗುವಂತಿರಲಿಲ್ಲ. ಊರಾಚೆ ಅವರದೊಂದು ಸಣ್ಣ ಹೂದೋಟವಿತ್ತು. ಗುರುವಾರ ಮಧ್ಯಾಹ್ನ ಅವರು ಹೂ ಬಿಡಿಸಲು ಬರುವುದು, ನಾನು ರಸ್ತೆಯ ಹುಣಸೆಮರಕ್ಕೆ ಸೈಕಲ್ಲು ಒರಗಿಸಿ ಹೊಲದ ಬದುವಿನ ಮೇಲೆ ನಡೆದು ಹೋಗುವುದು, ಬಾವಿಯ ಕಟ್ಟೆಯ ಮೇಲೆ ಕಾಲು ಗಂಟೆಯ ಪಾಠ. ಹೀಗೆಂದು ಅವರ ಯಜಮಾನರೂ ನಾನೂ ಗುಟ್ಟಾಗಿ ಮಾತಾಡಿಕೊಂಡಿದ್ದೆವು. ನಮ್ಮ ಮೂವರ ಹೊರತು ಇನ್ನಾರಿಗೂ ಗೊತ್ತಿರಲಿಲ್ಲ.

ಇಲ್ಲಿ ನನಗೆ ಒಳ್ಳೆಯ ನೆಪವೂ ಸಿಕ್ಕಿತ್ತು. ಅವರು ಮಡಿಯವರು, ಹೆಂಗಸು ಬೇರೆ. ಮುಟ್ಟದೆ ದೂರ ಕೂರುವುದು ಮರ್ಯಾದೆ ಅನ್ನಿಸಿಕೊಂಡಿತು. 'ನಮ್ಮ ಮೇಷ್ಟ್ರು ಬಹಳ ಸಂಭಾವಿತರು' ಎಂದು ಗಂಡನ ಹತ್ತಿರ ಹೇಳಿದ್ದರಂತೆ. ಬೆರಳು ಬಿಡಿಸುವುದನ್ನು ಬಿಟ್ಟು ಬೇರೇನೂ ಕಲಿಸದ ನನ್ನನ್ನು ಅವರು ಮೇಷ್ಟ್ರೇ ಎನ್ನುತ್ತಿದ್ದರು. ಆ ಹೊಗಳಿಕೆಯನ್ನೂ ನಾನು ಬೇಡವೆನ್ನಲಿಲ್ಲ. ಅವರೊಬ್ಬರೇ ತೀಡಿಕೊಂಡರೆ ಒತ್ತು ಸಾಲದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ವಾರದಿಂದ ವಾರಕ್ಕೆ ಆ ಬೆರಳುಗಳು ಒಳಕ್ಕೆ ಬಾಗುತ್ತಿದ್ದುದನ್ನು ನೋಡುತ್ತಲೇ ಇದ್ದೆ.

ಒಂದು ಗುರುವಾರ ನಾನು ಹೋಗಲಿಲ್ಲ. ಬಾಣಾವರದಲ್ಲಿ ಹೆಣ್ಣು ನೋಡುವ ಶಾಸ್ತ್ರವಿತ್ತು. ರಜೆ ಕೇಳಿದರೆ ಕೊಡುತ್ತಿರಲಿಲ್ಲವೆಂದು ಕೇಳಲೇ ಇಲ್ಲ. ರೈಲಿಗೆ ಕಾಯುತ್ತ ಕೂತಾಗಲೇ ಆ ದಿನದ ಕಾರ್ಡು ತುಂಬಿಬಿಟ್ಟೆ: 'ಎಣ್ಣೆ ಹಚ್ಚಿ ತೀಡಲಾಯಿತು'. ಹುಡುಗಿಯ ತಂದೆ ಏನು ಕೆಲಸವೆಂದು ಕೇಳಿದರೆ ಆರೋಗ್ಯ ಇಲಾಖೆ ಎಂದೆ, ಯಾವ ರೋಗವೆಂದು ಬಾಯಿ ಬಿಡಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಉಪ್ಪಿಟ್ಟು, ಕೇಸರಿಭಾತು ತಿನ್ನುತ್ತ ಆ ಮನೆಯ ಜಮಖಾನದ ಮೇಲೆ ಇಪ್ಪತ್ತು ಜನರ ಕಣ್ಣೆದುರಿಗೇ ಕೂತಿದ್ದೆ. ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದು ಮುಂದಿನದಕ್ಕೆ ಬೇಕೆಂದು.

ಮರುವಾರ ಹೂದೋಟಕ್ಕೆ ಹೋದಾಗ, ಹಿಂದಿನ ವಾರ ಯಾಕೆ ಬರಲಿಲ್ಲವೆಂದು ಕೇಳಿದರೆ ಜ್ವರ ಎನ್ನಬೇಕೆಂದು ದಾರಿಯಲ್ಲೇ ಸಿದ್ಧವಾಗಿದ್ದೆ. ರುಕ್ಮಿಣಮ್ಮನವರು ಕಟ್ಟೆಯ ಮೇಲೆ ಕೂತಿದ್ದರು. ಬಲಗೈಗೆ ಬಿಳಿಯ ಪಟ್ಟಿ ಕಟ್ಟಿತ್ತು. ನಾನು ಬಾಯಿ ತೆರೆಯುವ ಮುಂಚೆಯೇ ಅವರು ಕೈ ಮುಗಿದರು.

"ಹೋದ ವಾರ ನೀವು ಕೈ ಹಿಡ್ಕೊಂಡಾಗ ನಂಗೆ ಬಹಳ ಸಂಕೋಚ ಆಯ್ತು ಮೇಷ್ಟ್ರೇ. ಬೇಡಿ ಅಂದ್ರೂ ನೀವು ಬಿಡಲಿಲ್ಲ. ಆಮೇಲೆ ನಿಮ್ಮ ಕೈ ಬಿಸಿ ಗೊತ್ತಾಯ್ತು ನೋಡಿ. ಒಲೆ ಮೇಲಿನ ಪಾತ್ರೆ ಬಿಸಿ ಗೊತ್ತಾಗದ ಕೈ ಇದು."

ಅವರು ಸಮಾಧಾನವಾಗಿ ಹೇಳುತ್ತಾ ಹೋದರು. ಎಂದಿನ ಹೊತ್ತಿಗೇ ನಾನು ಬದುವಿನ ಮೇಲೆ ನಡೆದು ಬಂದೆನಂತೆ, ಹುಣಸೆಮರಕ್ಕೆ ಸೈಕಲ್ಲು ಒರಗಿಸಿತ್ತಂತೆ. ಒಂದು ಮಾತೂ ಆಡದೆ ಪಕ್ಕದಲ್ಲಿ ಕೂತು, ಅವರ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಬಗ್ಗಿಸಿಕೊಂಡೇ ಬಹಳ ಹೊತ್ತು ತೀಡಿದೆನಂತೆ. ಅಂದು ಬೆಳಿಗ್ಗೆ ಅನ್ನದ ತಪ್ಪಲೆ ಇಳಿಸುವಾಗ ಸುಟ್ಟುಕೊಂಡಿದ್ದ ಬೆರಳಿಗೆ ಪಟ್ಟಿ ಕಟ್ಟಿ ಹೋದೆನಂತೆ. ಕೈ ಚಾಚಿ ತೋರಿಸಿದರು. ಕೊನೆಯ ಎರಡು ಬೆರಳು ಮುಕ್ಕಾಲು ಪಾಲು ನೆಟ್ಟಗಾಗಿದ್ದವು. ಪಟ್ಟಿಯನ್ನು ಬೆರಳ ಸಂದಿಯಲ್ಲಿ ಎರಡು ಸುತ್ತು ಹಾಯಿಸಿ ಮಣಿಕಟ್ಟಿನ ಹಿಂದೆ ಗಂಟು ಹಾಕಿತ್ತು. ತರಬೇತಿಯಲ್ಲಿ ನಮಗೆ ಕಲಿಸಿದ್ದ ಕಟ್ಟು ಅದೇ. ಒಂದೇ ಕೈಯಲ್ಲಿ ಅವರು ಅದನ್ನು ಕಟ್ಟಿಕೊಳ್ಳುವುದು ಆಗದ ಮಾತು. ಯಜಮಾನರು ಯಾವುದೋ ಹೋಮಕ್ಕೆಂದು ಅರೇಹಳ್ಳಿಗೆ ಹೋಗಿ ಎಂಟು ದಿನವಾಗಿತ್ತು, ಇನ್ನೂ ಬಂದಿರಲಿಲ್ಲ.

ನಾನಲ್ಲ ಎಂದು ಹೇಳಬೇಕಾಗಿತ್ತು. ನಾಲಿಗೆಯ ತುದಿಗೆ ಬಂತು ಕೂಡ. ಹೇಳಿದರೆ ಬಾಣಾವರದ್ದು ಹೊರಗೆ ಬರುತ್ತದೆ, ಕಾರ್ಡಿನದ್ದು ಬರುತ್ತದೆ, ಇಷ್ಟು ತಿಂಗಳು ದೂರ ಕೂತದ್ದು ಯಾಕೆಂಬುದೂ ಬರುತ್ತದೆ. ಚೀಲದಿಂದ ಆ ವಾರದ ಮಾತ್ರೆ ಎಣಿಸಿ ಕಟ್ಟೆಯ ಮೇಲಿಟ್ಟೆ. ನಾನು ಬರೆದಿಟ್ಟ ಸುಳ್ಳನ್ನು ಯಾರೋ ನಿಜ ಮಾಡಿ ಹೋಗಿದ್ದರು. ಅದರ ಪುಣ್ಯವನ್ನು ನಾಚಿಕೆಯಿಲ್ಲದೆ ನಾನು ಜೇಬಿಗೆ ಹಾಕಿಕೊಂಡೆ.

ಆ ವಾರವೆಲ್ಲ ವಿಚಾರಿಸಿದೆ. ನಮ್ಮಲ್ಲಿ ಇನ್ನೊಬ್ಬನೇ ನೌಕರನಿದ್ದದ್ದು, ಅವನು ಅಂದು ಬೇಲೂರಿನ ಕಡೆ ಇದ್ದ. ಅವನಿಗೆ ಆ ತೋಟವೂ ಗೊತ್ತಿಲ್ಲ, ರುಕ್ಮಿಣಮ್ಮನವರೂ ಗೊತ್ತಿಲ್ಲ. ಸುತ್ತಾಟಕ್ಕೆಂದು ನಾನು ಜಾವಗಲ್ಲಿನ ಆಸ್ಪತ್ರೆಯ ಜಗುಲಿಯಲ್ಲೇ ಇಟ್ಟಿರುತ್ತಿದ್ದ ಸೈಕಲ್ಲು ಅಂದು ಬೀಗ ಹಾಕಿದ ಹಾಗೇ ಇತ್ತು. ಬೀಗದ ಕೈ ನನ್ನ ಜೊತೆ ಬಾಣಾವರಕ್ಕೆ ಬಂದಿತ್ತು. ಆ ತಾಯಿ ಕನಸು ಕಂಡರೋ ಅಂದುಕೊಂಡೆ. ಕನಸು ಪಟ್ಟಿ ಕಟ್ಟುತ್ತದೆಯೇ? ಸ್ಪರ್ಶ ಸತ್ತು ನಾಲ್ಕು ವರ್ಷವಾದ ಕೈಗೆ ಇನ್ನೊಬ್ಬರ ಕೈಯ ಬಿಸಿ ತಿಳಿಯುವುದು ಹೇಗೆಂದು ಡಾಕ್ಟರನ್ನು, ಯಾರ ವಿಷಯವೆಂದು ಹೇಳದೆ, ಕೇಳಿದೆ. ತಿಳಿಯುವುದಿಲ್ಲ ಎಂದರು.

ಮುಂದಿನ ಗುರುವಾರದ ಹೊತ್ತಿಗೆ ಇನ್ನು ತಪ್ಪಿಸಿಕೊಳ್ಳುವುದು ಬೇಡವೆಂದು ಗಟ್ಟಿ ಮನಸ್ಸು ಮಾಡಿದ್ದೆ. ಕಟ್ಟೆಯ ಮೇಲೆ ರುಕ್ಮಿಣಮ್ಮನವರ ಪಕ್ಕದಲ್ಲಿ ಕೂತೆ. ಅವರು, ಅಭ್ಯಾಸವಾದವರ ಹಾಗೆ, ತಾವಾಗಿಯೇ ಕೈ ಚಾಚಿದರು. ಹಿಡಿದುಕೊಂಡೆ. ಎಣ್ಣೆ ಹಚ್ಚಿ, ಅಂಗೈಯಿಂದ ಬೆರಳ ತುದಿಯವರೆಗೆ, ಕಲಿತದ್ದನ್ನೆಲ್ಲ ನೆನಪಿಸಿಕೊಂಡು ತೀಡಿದೆ. ಭಯದಿಂದ ನನ್ನ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರು ನನ್ನ ಕೈಯನ್ನೂ ಮುಖವನ್ನೂ ನೋಡಿದರು.

"ಇವತ್ತು ಏನೂ ಗೊತ್ತಾಗ್ತಿಲ್ವಲ್ಲ ಮೇಷ್ಟ್ರೇ. ಅವತ್ತು ಬಂದಿದ್ದೋರು ನೀವೇ ತಾನೆ?"

ಎಲ್ಲವನ್ನೂ ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ.

"ನಾನೇ ಅಮ್ಮ" ಎಂದೆ.

ಅವರು ಮತ್ತೆ ಕೇಳಲಿಲ್ಲ. ಬಂದವರು ಯಾರೆಂದು ನನಗೆ ಇವತ್ತಿಗೂ ತಿಳಿದಿಲ್ಲ, ಇನ್ನು ತಿಳಿಯುವ ಆಸೆಯೂ ಇಲ್ಲ. ನೆಟ್ಟಗಾಗಿದ್ದ ಬೆರಳುಗಳು ಮತ್ತೆ ಮಡಚಿಕೊಳ್ಳಲಿಲ್ಲ, ಅವರು ಹೂ ಕಟ್ಟುವುದನ್ನು ಬಿಡಬೇಕಾಗಲಿಲ್ಲ. ನನಗೆ ವರ್ಗವಾಗುವವರೆಗೆ, ಮೂರು ವರ್ಷ, ಒಂದು ಗುರುವಾರವನ್ನೂ ತಪ್ಪಿಸದೆ ಹೋಗಿ ಆ ಕೈ ಹಿಡಿದು ತೀಡಿದೆ. ಒಂದು ದಿನವೂ ನನ್ನ ಕೈಯ ಬಿಸಿ ಅವರಿಗೆ ಗೊತ್ತಾಗಲಿಲ್ಲ.