ಗುರುಗಳ ದನಿ, ನನ್ನ ಗಂಟಲು

ಚಿಕ್ಕಮ್ಮನನ್ನು ಆ ಆಶ್ರಮಕ್ಕೆ ಮೊದಲು ಕರೆದುಕೊಂಡು ಹೋದ ಕತ್ತೆ ನಾನೇ. ಭಕ್ತಿಯಿಂದಲ್ಲ, ಕಸುಬಿನ ಆಸೆಯಿಂದ. ಮದುವೆಮನೆಗಳಲ್ಲಿ ಊರವರ ದನಿ ತೆಗೆದು ನಗಿಸುವವನು ನಾನು. ಹೆತ್ತೂರಿನ ಆಚೆ ಹಳೇ ಎಸ್ಟೇಟ್ ಬಂಗಲೆಯಲ್ಲಿ ಬಂದು ಕೂತ ಹೊಸ ಗುರುಗಳ ದನಿ ಬಹಳ ಸೊಗಸು ಎಂದು ಕೇಳಿದ್ದೆ. ಒಂಟಿ ಹುಡುಗರನ್ನು ಒಳಗೆ ಬಿಡುತ್ತಿರಲಿಲ್ಲ. ಚಿಕ್ಕಪ್ಪ ತೀರಿಕೊಂಡು, ಮಗಳನ್ನೂ ಮದುವೆ ಮಾಡಿ ಕಳಿಸಿ ಮಂಕಾಗಿದ್ದ ಚಿಕ್ಕಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ನನಗೆ ದನಿ ಸಿಕ್ಕಿತು. ಅವಳು ಎರಡೇ ವಾರಕ್ಕೆ ಬಟ್ಟೆ ಗಂಟು ಕಟ್ಟಿಕೊಂಡು ಅಲ್ಲೇ ಹೋಗಿ ನೆಲೆಸಿದಳು.

ದನಿಯೇನೋ ನಿಜಕ್ಕೂ ಸೊಗಸೇ. ಹತ್ತಿ ಹಿಂಜಿದ ಹಾಗೆ ಎಳೆದು, ಪ್ರತಿ ಮಾತಿನ ತುದಿಗೂ "ಗೊತ್ತಾಯ್ತಾ? ಗೊತ್ತಾಗಲ್ಲ ಬಿಡಿ" ಎನ್ನುವರು. ಗೊತ್ತಾಗದವರೆಲ್ಲ ಕಣ್ಣೀರು ಹಾಕುವರು. ಹಿಂದೆ ಆಳುಗಳಿದ್ದ ಲೈನ್ ಮನೆಗಳಲ್ಲಿ ಈಗ ಭಕ್ತರು; ಬೆಳಿಗ್ಗೆ ಎದ್ದರೆ ಹಾಜರಿ. ಎಸ್ಟೇಟಿನ ರೈಟರ್ ಆಳುಗಳ ಹಾಜರಿ ತೆಗೆದ ಕಾಲದಲ್ಲಿ ಕೂಲಿಯಾದರೂ ಸಿಗುತ್ತಿತ್ತು. ಇವರಿಗೆ ಕಳೆ ಕೀಳುವ ಭಾಗ್ಯ.

ನನ್ನ ಗಂಟಲಿನ ವಿಷಯ ತಿಳಿದ ಅಲ್ಲಿನ ಮೇಲ್ವಿಚಾರಕ, ಬಿಳಿ ಪೈಜಾಮದ ಮನುಷ್ಯ, ನನಗೊಂದು ಕೆಲಸ ಕೊಟ್ಟ. ಗುರುಗಳು ಊರಲ್ಲಿಲ್ಲದ ಭಾನುವಾರ ಪರದೆಯ ಹಿಂದೆ ಕೂತು, ಅವರ ಸಂದೇಶವನ್ನು ಅವರದೇ ದನಿಯಲ್ಲಿ ಮೈಕಿಗೆ ಓದುವುದು. ನಾನು ಹಿಗ್ಗಿ ಹೀರೇಕಾಯಿಯಾದೆ. ಒಂದು ಭಾನುವಾರ ಓದಿದ್ದು ಇದು: ಹೆರಿಗೆಯಾದ ಮನೆಗೆ ಸಾಧಕರು ಮೂರು ತಿಂಗಳು ಕಾಲಿಡಬಾರದು, ಕಂಪನ ಕೆಡುತ್ತದೆ. ಎಂಥ ಕಂಪನವೋ ಎಂದು ಒಳಗೇ ನಗುತ್ತಾ ಎಳೆದೆಳೆದು ಓದಿದೆ. ಪರದೆಯ ಸಂದಿಯಲ್ಲಿ ಚಿಕ್ಕಮ್ಮ ಕಾಣುತ್ತಿದ್ದಳು, ಕಣ್ಣು ಮುಚ್ಚಿ ಕೈ ಮುಗಿದು. ಬಸುರಿಯಾಗಿದ್ದ ಅವಳ ಮಗಳಿಗೆ ಆಗ ಏಳು ತಿಂಗಳು ತುಂಬಿತ್ತು.

ನಾವು ಲಿಂಗ ಕಟ್ಟುವ ಮನೆಯವರು. ಕೊರಳಲ್ಲಿ ಲಿಂಗವಿದ್ದ ಮೇಲೆ ಹುಟ್ಟಿಗೂ ಸೂತಕವಿಲ್ಲ, ಸಾವಿಗೂ ಇಲ್ಲ ಎಂದುಕೊಂಡು ಬಂದವರು. ಅಂಥ ಮನೆಯ ಹೆಂಗಸು ಸ್ವಂತ ಮಗಳ ಹೆರಿಗೆ ಬಿಟ್ಟು ಆಶ್ರಮದಲ್ಲಿ ತರಕಾರಿ ಹೆಚ್ಚುತ್ತಾ ಕೂತಳು. ತವರಿಗೆಂದು ಬಂದ ಮಗಳು ನಮ್ಮ ಮನೆಯಲ್ಲಿ ಹೆತ್ತಳು. ಬಾಣಂತನ ನನ್ನ ಅಮ್ಮನದು. ನೀರು ಹಾಕಿಸಿಕೊಳ್ಳುವಾಗ ಬಾಣಂತಿ ಅತ್ತು, ಒಲೆಯ ಹೊಗೆ ಎನ್ನುತ್ತಿದ್ದಳು. ಆಗ ನನಗೆ ಯಾರ ದನಿಯೂ ಬರುತ್ತಿರಲಿಲ್ಲ.

ಮಗುವಿಗೆ ಲಿಂಗ ಕಟ್ಟಲು ಊರ ಅಯ್ಯನವರು ಬಂದರು. ಇವರನ್ನೂ ನಾನು ಬಿಟ್ಟವನಲ್ಲ. ಒಮ್ಮೆ ಊಟದ ಪಂಕ್ತಿಯಲ್ಲಿ ಅವರ ದನಿ ತೆಗೆಯುತ್ತಿದ್ದರೆ ಹಿಂದೆಯೇ ನಿಂತಿದ್ದರು. "ಕೆಮ್ಮು ಬಿಟ್ಬುಟ್ಟೆ ಕಣೋ," ಎಂದು ತಾವೇ ಕೆಮ್ಮಿ ತೋರಿಸಿ, ಎರಡು ಸಲ ನನ್ನಿಂದ ಮಾಡಿಸಿದ್ದರು. ಧರ್ಮಕ್ಕೂ ಗುರುವಿನ ಹೆಸರಲ್ಲಿ ಕಟ್ಟಿದ ಗುಂಪಿಗೂ ಏನು ವ್ಯತ್ಯಾಸವೆಂದು ಪಂಡಿತರು ದಪ್ಪ ಪುಸ್ತಕಗಳಲ್ಲಿ ಹುಡುಕಲಿ. ನಾನು ಅಣಕಿಸಿ ನೋಡುತ್ತೇನೆ, ಅಷ್ಟೇ.

ಅಯ್ಯನವರು ತೊಟ್ಟಿಲ ಸುತ್ತ ನೋಡಿ, "ಇದರ ಅಜ್ಜಿ ಎಲ್ಲಿ?" ಎಂದರು. ಅಮ್ಮ ಆಶ್ರಮದ ವಿಷಯ ಹೇಳಿದಳು.

"ಕರ್ಕಂಬಾ ಹೋಗು. ಮಗು ಎಲ್ಲೂ ಹೋಗಲ್ಲ, ನಾನೂ ಹೋಗಲ್ಲ," ಎಂದು ನನಗೆ ಹೇಳಿ, ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತರು.

ಆಶ್ರಮದ ಅಡುಗೆಮನೆಯಲ್ಲಿ ಚಿಕ್ಕಮ್ಮ ಬೀನ್ಸ್ ನಾರು ತೆಗೆಯುತ್ತಿದ್ದಳು.

"ಚಿಕ್ಕಮ್ಮ, ಅಯ್ನೋರು ನಿನಗೋಸ್ಕರ ಕಾಯ್ತಾ ಕೂತವ್ರೆ, ನಡಿ."

"ಮೂರು ತಿಂಗ್ಳು ಕಳೀಲಿ ಕಣೋ. ಗುರುಗಳೇ ಮೈಕಲ್ಲಿ ಹೇಳವ್ರೆ."

"ಹೇಳಿದ್ದು ನಾನು. ಅವತ್ತು ಅವರು ಊರಲ್ಲೇ ಇರ್ಲಿಲ್ಲ," ಎಂದು ಆ ಸಾಲನ್ನು ಅದೇ ದನಿಯಲ್ಲಿ ಹೇಳಿ ತೋರಿಸಿದೆ.

ಪಕ್ಕದ ಹೆಂಗಸರು ಕಿವಿ ಮುಚ್ಚಿಕೊಂಡರು. ಮೇಲ್ವಿಚಾರಕ ಓಡಿಬಂದು ಗುರುನಿಂದೆ ಎಂದ. ಅವನು ಕೊಟ್ಟ ಕಾಗದ ಓದಿದಾಗ ಸೇವೆ, ಕಾಗದವಿಲ್ಲದೆ ಆಡಿದರೆ ನಿಂದೆ. ಚಿಕ್ಕಮ್ಮ ನನ್ನ ಮುಖವನ್ನೇ ನೋಡಿದಳು. ಏಟು ಬೀಳುತ್ತದೆಂದು ಕೆನ್ನೆ ಸಿದ್ಧ ಮಾಡಿಕೊಂಡೆ. ಅವಳು ಮಡಿಲ ನಾರು ಕೊಡವಿ ಎದ್ದಳು.

"ಏನು ಮಗು?"

"ಹೆಣ್ಣು. ಮೂಗು ನಿಂದೇ, ಪಾಪ."

ಮೇಲ್ವಿಚಾರಕ ಬಾಗಿಲಿಗೆ ಅಡ್ಡ ನಿಂತ. "ಅಮ್ಮ, ಹೋಗೋಕೆ ಗುರುಗಳ ಅಪ್ಪಣೆ ಆಗಿದೆಯಾ?"

ಚಿಕ್ಕಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಅದು ಹುಟ್ಟೋವಾಗ ಯಾರ ಅಪ್ಪಣೆನೂ ಕೇಳ್ಲಿಲ್ಲ ಕಣ್ರೀ, ಎತ್ಕೊಳ್ಳೋಕೆ ನಾನ್ಯಾಕೆ ಕೇಳ್ಲಿ? ಸರ್ಕೊಳಿ ಅತ್ಲಾಗೆ."